ಪುಟ ಉಳಿಸಿ ತಲೆಬರಹ ಬಿಟ್ಟುಕೊಟ್ಟದ್ದು

ಸಂತೆಯಲ್ಲಿ ಬೆಲೆ ಕೇಳುವುದಕ್ಕೂ ಕಮಿಟಿಯಲ್ಲಿ ಅಭಿಪ್ರಾಯ ಕೇಳುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಗೊತ್ತಾಗುವಷ್ಟರಲ್ಲಿ ನನ್ನದಲ್ಲದ ಒಂದು ವಸ್ತುವನ್ನು ಕೊಟ್ಟು ಬಂದಾಗಿತ್ತು.

ನಾನು ಪಾತ್ರೆ ವ್ಯಾಪಾರದವನು. ಗದಗಿನ ಕಡೆಯಿಂದ ಬರ್ಮಿಂಗ್‌ಹ್ಯಾಮಿಗೆ ಬಂದು, ಮೊದಲು ಬಯಲು ಮಾರ್ಕೆಟ್ಟಿನಲ್ಲಿ ಒಂದು ಮೇಜು ಹಾಕಿದೆ. ಆಮೇಲೆ ಸೆಲ್ಲಿ ಓಕ್‌ನ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ ಕುಕ್ಕರು, ತವೆ ಮಾರಿದೆ. ಕೊನೆಗೆ ಒಂದು ಗೋದಾಮು ಆಯಿತು. ಗೋದಾಮನ್ನು ಮಗಳಿಗೆ ವಹಿಸಿ ಕುಳಿತಾಗ, ನಮ್ಮ ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರೋಗಿಗಳ ಗುಂಪಿಗೆ ಸೇರಿಕೊಂಡೆ. ಅಲ್ಲಿ ನಾನು ಹೆಚ್ಚು ಮಾತಾಡುತ್ತಿದ್ದೆನೆಂದು ತೋರುತ್ತದೆ. 2010ರ ದಶಕದ ನಡುವಿನಲ್ಲಿ ಸರ್ಕಾರದ ಒಂದು ಸಂಶೋಧನೆಗೆ ಸಾರ್ವಜನಿಕರ ಪ್ರತಿನಿಧಿಯಾಗಿ ಬನ್ನಿ ಎಂದು ಪತ್ರ ಬಂತು. ಕರಿಯರಿಗೂ ಏಷ್ಯಾದವರಿಗೂ ಹೃದಯದ ಕಾಯಿಲೆಗೆ ಚಿಕಿತ್ಸೆ ಯಾಕೆ ತಡವಾಗುತ್ತದೆ ಎಂಬುದು ವಿಷಯ. ನಡೆಸುತ್ತಿದ್ದವರು ಬೀಸ್ಟನ್ ಎಂಬ ಊರಿನಿಂದ ಬರುತ್ತಿದ್ದ ಒಬ್ಬ ಪ್ರೊಫೆಸರು. ಮೇಲ್ವಿಚಾರಣೆಗೆ ಲಂಡನ್ನಿನಿಂದ ಆರೋಗ್ಯ ಇಲಾಖೆಯ ಒಬ್ಬ ಅಧಿಕಾರಿಣಿ.

ಅನುಭವ ಹೇಳುವ ರೋಗಿಗಳು ಬೇಕು ಎಂದರು. ನನಗೆ ತಕ್ಷಣ ನೆನಪಾದವರು ನಮ್ಮ ಅಕ್ಕೋರು. ಧಾರವಾಡದವರು, ನನಗಿಂತ ಚಿಕ್ಕವರು. ಆದರೆ ಶಾಲೆಯಲ್ಲಿ ಕಲಿಸುವವರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ, ವಯಸ್ಸು ನೋಡುವುದಿಲ್ಲ. ಅವರು ಎದೆನೋವೆಂದು ಎರಡು ಸಲ ಆಸ್ಪತ್ರೆಗೆ ಹೋಗಿದ್ದರು. ಎರಡೂ ಸಲ ಊಟದಲ್ಲಿ ಖಾರ ಎಷ್ಟಿತ್ತು ಎಂದು ಕೇಳಿ, ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಸಲ ಪಕ್ಕದ ಮಂಚದಲ್ಲಿದ್ದ ಬಿಳಿಯ ಹೆಂಗಸು ಹೇಳಿಕೊಂಡದ್ದೂ ಅದೇ ನೋವು. ಆಕೆಗೆ ಕೂಡಲೇ ಇಸಿಜಿ ಮಾಡಿದರು. ಮೂರನೇ ಸಲ ಅಕ್ಕೋರನ್ನು ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಹೃದಯದ ಒಂದು ಭಾಗ ಹೋಗಿಬಿಟ್ಟಿತ್ತು. ಮೆಟ್ಟಿಲು ಹತ್ತಲಾಗದೆ ಶಾಲೆ ಬಿಟ್ಟರು.

"ಹೇಳ್ತೀನ್ರಿ ಅಣ್ಣಾರ," ಎಂದರು. "ಆದ್ರ ಹೇಳಿದ್ದು ಹೇಳಿದಂಗ ಅಚ್ಚಾಗಬೇಕು. ಸಮಾಧಾನಕ್ಕ ಹೇಳಾಕತ್ತಿಲ್ಲ ನಾ."

"ಒಂದ್ ಅಕ್ಷರ ಆಚೀಚೆ ಆಗದಂಗ ನೋಡಿಕೊಳ್ತೀನ್ರಿ ಅಕ್ಕೋರ. ನನ್ನ ಮ್ಯಾಲೆ ಬಿಡ್ರಿ," ಎಂದೆ.

ವರದಿಯ ಮೊದಲ ಕರಡಿನಲ್ಲಿ ಅವರ ಮಾತು ನಾಲ್ಕನೇ ಅಧ್ಯಾಯದ ಮೊದಲ ಪುಟದಲ್ಲಿತ್ತು. ಅಧ್ಯಾಯದ ತಲೆಬರಹ, 'ಆಸ್ಪತ್ರೆಯೊಳಗಿನ ವರ್ಣತಾರತಮ್ಯ'. ಅಷ್ಟರಲ್ಲಿ ಚುನಾವಣೆ ಬಂತು, ಮಂತ್ರಿ ಬದಲಾದರು. ಕರಡು ಹೊಸ ಮಂತ್ರಿಗಳ ಕಚೇರಿಗೆ ಹೋಗಿ ವಾಪಸ್ ಬಂದಾಗ ಅಂಚಿನ ತುಂಬ ಟಿಪ್ಪಣಿ. ಇದಕ್ಕೆ ಪುರಾವೆ ಸಾಕೆ? ಜನರಿಗೆ ಆಸ್ಪತ್ರೆಗಳ ಮೇಲಿನ ನಂಬಿಕೆ ಹೋಗುವುದಿಲ್ಲವೆ? ರೋಗಿಗಳ ಜೀವನಶೈಲಿಯ ಬಗ್ಗೆ ಯಾಕೆ ಇಷ್ಟು ಕಡಿಮೆ?

ಅದನ್ನು ಚರ್ಚಿಸಲು ಸಭೆ ಕರೆದರು. ತಲೆಬರಹ ಮೃದುವಾಗಬೇಕು, ಕೆಲವು ಹೇಳಿಕೆಗಳನ್ನು ಕೈಬಿಡಬೇಕಾಗಬಹುದು ಎಂದು ಅಧಿಕಾರಿಣಿ ನಯವಾಗಿ ಹೇಳಿದರು. ಪ್ರೊಫೆಸರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅವರ ಮುಂದಿನ ಸಂಶೋಧನೆಗೂ ಹಣ ಬರಬೇಕಾದದ್ದು ಅದೇ ಇಲಾಖೆಯಿಂದ. ಇನ್ನು ನಾನೇ ಕಣಕ್ಕಿಳಿಯಬೇಕು ಎನಿಸಿತು.

ಚೌಕಾಸಿಗೆ ಒಂದು ಕ್ರಮ ಇದೆ. ಮೊದಲು ಎಲ್ಲಕ್ಕೂ ಇಲ್ಲ ಅನ್ನಬೇಕು. ಆಮೇಲೆ ಎದ್ದು ಹೊರಡಬೇಕು. ಹತ್ತು ಹೆಜ್ಜೆಯೊಳಗೆ ಎದುರಿನವರು ಕರೆಯುತ್ತಾರೆ, ಕರೆದವರು ಇಳಿಯುತ್ತಾರೆ. ಮೂವತ್ತು ವರ್ಷ ಇದೇ ನನಗೆ ಅನ್ನ ಹಾಕಿತ್ತು. ಹಾಗಾಗಿ "ಒಂದು ಪದವನ್ನೂ ಬಿಡುವುದಿಲ್ಲ" ಎಂದು ಹೇಳಿ ಎದ್ದು ಕೋಟು ಹಾಕಿಕೊಂಡೆ.

ಅಧಿಕಾರಿಣಿ ಕರೆಯಲಿಲ್ಲ. "ಬಂದದ್ದಕ್ಕೆ ತುಂಬಾ ಧನ್ಯವಾದ. ಹೊರಗೆ ನೆಲ ಒದ್ದೆಯಾಗಿದೆ, ಜೋಪಾನ," ಎಂದರು.

ಬಾಗಿಲ ತನಕ ಹೋದವನು ಬಂದು ಕೋಟು ಬಿಚ್ಚಿ ಕುಳಿತೆ. ಕುಳಿತವನು ಸುಮ್ಮನಿರಬೇಕಿತ್ತು. ಮರ್ಯಾದೆ ಉಳಿಸಿಕೊಳ್ಳಲು ಎರಡನೇ ಬೆಲೆ ಹೇಳಿದೆ: "ಸರಿ, ತಲೆಬರಹ ನಿಮಗೆ ಬಿಟ್ಟೆ. ಆ ಟೀಚರಮ್ಮನ ಪುಟ ನನಗೆ ಬಿಡಿ. ಅಕ್ಷರ ಬದಲಾಗಬಾರದು."

"ತುಂಬಾ ಉಪಯುಕ್ತ ಸಲಹೆ," ಎಂದು ಅವರು ಬರೆದುಕೊಂಡರು. ಗೆದ್ದೆ ಅಂದುಕೊಂಡೆ. ಲಿಫ್ಟಿನಲ್ಲಿ ಪ್ರೊಫೆಸರು ನನ್ನ ಮುಖ ನೋಡದೆ ಹೇಳಿದರು: "ನೀವು ಪಟ್ಟು ಹಿಡಿದಿದ್ದರೆ ನಾನೂ ಹಿಡಿಯಬಹುದಿತ್ತು. ಈಗ ಸಾರ್ವಜನಿಕರ ಪ್ರತಿನಿಧಿಯೇ ಒಪ್ಪಿದರು ಎಂದು ನಡಾವಳಿಯಲ್ಲಿ ಬರುತ್ತದೆ."

ಮಾರ್ಕೆಟ್ಟಿನಲ್ಲಿ ಬಾಯಿಂದ ಹೋದ ಬೆಲೆ ವ್ಯಾಪಾರ ಕುದುರದಿದ್ದರೆ ಗಾಳಿಗೆ ಹೋಗುತ್ತದೆ. ಆಫೀಸಿನಲ್ಲಿ ಅದು ಕಾಗದಕ್ಕೆ ಹೋಗುತ್ತದೆ. ನಿಮ್ಮನ್ನು ಯಾರಾದರೂ ಇಂಥ ಕಮಿಟಿಗೆ ಕರೆದರೆ ಇದೊಂದು ನೆನಪಿಡಿ. ಬಿಟ್ಟುಕೊಡುವ ಮೊದಲು, ಬಿಟ್ಟ ಜಾಗದಲ್ಲಿ ಏನು ಕೂರುತ್ತದೆ ಎಂದು ಕೇಳಿ. ನಾನು ಕೇಳಲಿಲ್ಲ.

ತಿದ್ದಿದ ಕರಡು ಬಂತು. ಅಕ್ಕೋರ ಮಾತು ಅಕ್ಷರ ಬಿಡದೆ ಹಾಗೇ ಇತ್ತು. ಮೇಲೆ ಹೊಸ ತಲೆಬರಹ: 'ಭಾಷೆಯ ತೊಡಕು, ಆಹಾರ ಪದ್ಧತಿ ಮತ್ತು ತಡವಾಗುವ ಚಿಕಿತ್ಸೆ'. ನಾನು ತಲೆಬರಹದ ಮೇಲೆ ಕಣ್ಣಾಡಿಸಿ, ಪುಟವನ್ನಷ್ಟೇ ಗಮನವಿಟ್ಟು ನೋಡಿ, ಖುಷಿಯಿಂದ ಅವರ ಮನೆಗೆ ಒಯ್ದೆ.

ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಮೇಲಕ್ಕೆ ಹೋಗಿ ಮೊದಲ ಸಾಲು ಓದಿದರು.

"ಅಣ್ಣಾರ, ತಲಿಮ್ಯಾಲೆ ಏನ್ ಬರದಾರ, ನೋಡೀರೇನು?"

"ನೋಡೇನ್ರಿ. ಅದನ್ನ ಬಿಟ್ಟುಕೊಟ್ಟೇ ನಿಮ್ಮ ಪುಟ ಉಳಿಸ್ಕೊಂಡು ಬಂದೇನಿ."

"ನನಗ ಇಂಗ್ಲಿಷ್ ಬರಲಿಲ್ಲ, ಅದಕ್ಕ ತಡ ಆತು ಅಂದಂಗಾತಲ್ರೀ ಇದು. ಹದಿನೆಂಟು ವರ್ಷ ಈ ಊರಿನ ಹುಡುಗರಿಗೆ ಲೆಕ್ಕ ಕಲಿಸೇನಿ. ಕನ್ನಡದಾಗ ಕಲಿಸಿದ್ನೇನು?"

"ಅದಕ್ಕ ನೋಡ್ರಿ, ಆ ಹುಡುಗರಿಗೆ ಇನ್ನೂ ಲೆಕ್ಕ ಬರಂಗಿಲ್ಲ," ಎಂದು ಅವರ ಯಜಮಾನರು ಚಹಾದ ತಟ್ಟೆ ಹಿಡಿದು ಬಂದರು. ಯಾರೂ ನಗದ್ದನ್ನು ನೋಡಿ ತಟ್ಟೆ ಇಟ್ಟು ಒಳಗೆ ಹೋದರು.

ನಾನು ಆಗಲೂ ಬಿಡಲಿಲ್ಲ. "ಪೂರಾ ಹೋಗೋದಕ್ಕಿಂತ ಅರ್ಧ ಉಳಿಯೋದು ಚಲೋ ಅಲ್ಲೇನ್ರಿ ಅಕ್ಕೋರ?"

"ನನ್ನ ಮಾತನ್ನ ನನ್ನ ಮ್ಯಾಲೇ ಸಾಕ್ಷಿ ಹಚ್ಯಾರ. ಇದರಾಗ ಅರ್ಧ ಎಲ್ಲೈತಿ, ತೋರಿಸ್ರಿ."

ಕೊನೆಗೆ ಅವರು ಕೇಳಿದ್ದು ಒಂದೇ ವಾಕ್ಯ: ಈಕೆ ಹದಿನೆಂಟು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರು ಎಂದು ಕೆಳಗೆ ಸೇರಿಸಬೇಕು. ಇಲಾಖೆಗೆ ಬರೆದೆ. ಹಾಗೆ ಹಾಕಿದರೆ ಅವರು ಯಾರೆಂದು ಗುರುತು ಸಿಕ್ಕಿಬಿಡುತ್ತದೆ, ನಿಯಮ ಒಪ್ಪುವುದಿಲ್ಲ ಎಂದು ಉತ್ತರ ಬಂತು.

ಕಾಗದ ಎಸೆಯುವ ಅಭ್ಯಾಸ ನನಗಿಲ್ಲ. ಅಕ್ಕೋರು ಸಹಿ ಹಾಕಿದ್ದ ಒಪ್ಪಿಗೆ ಪತ್ರದ ನಕಲು ನನ್ನ ಫೈಲಿನಲ್ಲಿತ್ತು. ಅಚ್ಚಾಗುವ ಮೊದಲು ಯಾವಾಗ ಬೇಕಾದರೂ ಹೇಳಿಕೆ ವಾಪಸ್ ಪಡೆಯಬಹುದು ಎಂದು ಅದರಲ್ಲಿ ಬರೆದಿತ್ತು. ಅಕ್ಕೋರಿಗೆ ಒಯ್ದು ತೋರಿಸಿದೆ. ಅವರು ಅಲ್ಲೇ ಕುಳಿತು, ದುಂಡನೆಯ ಅಕ್ಷರದಲ್ಲಿ, ನಾಲ್ಕು ಸಾಲಿನ ಇಂಗ್ಲಿಷ್ ಪತ್ರ ಬರೆದರು. ನಾನೇ ಅಂಚೆಗೆ ಹಾಕಿದೆ.

ವಾರದೊಳಗೆ ಅಧಿಕಾರಿಣಿಯ ಫೋನು. ಆ ಪುಟವಿಲ್ಲದೆ ಅಧ್ಯಾಯ ಸಪ್ಪೆಯಾಗುತ್ತದಂತೆ. "ನೀವು ಹೇಳಿದರೆ ಅವರು ಕೇಳುತ್ತಾರೆ. ಸ್ವಲ್ಪ ಒಪ್ಪಿಸಿ."

ಈಗ ಕರೆದವರು ಅವರು. ಬೆಲೆ ಹೇಳುವ ಸರದಿ ನನ್ನದು. ನಾಲಿಗೆಯ ತುದಿಗೇ ಬಂದಿತ್ತು: ತಲೆಬರಹ ವಾಪಸ್ ಕೊಡಿ, ಮಾತಾಡೋಣ. ಆದರೆ ಆ ಪುಟ ನನ್ನ ಗೋದಾಮಿನ ಮಾಲಲ್ಲ.

"ಅವರ ನಂಬರು ನಿಮ್ಮ ಹತ್ತಿರವೇ ಇದೆ. ನೀವೇ ಮಾತಾಡಿ," ಎಂದೆ. "ಇಂಗ್ಲಿಷಿನಲ್ಲೇ ಮಾತಾಡಿ, ಅವರಿಗೆ ಅರ್ಥವಾಗುತ್ತೆ."

ಅವರು ಫೋನ್ ಮಾಡಲಿಲ್ಲ. ವರದಿ ಬಂತು. ಅಕ್ಕೋರ ಪುಟ ಇರಲಿಲ್ಲ. ತಲೆಬರಹ ಹಾಗೇ ಇತ್ತು, ಅದರ ಕೆಳಗೆ ಬೇರೊಬ್ಬ ಹೆಂಗಸಿನ ಮಾತು. ಆಕೆಗೆ ಇಂಗ್ಲಿಷ್ ಬರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.