ಕುದಿಯುವ ವ್ಯಾನಿನ ಪಂಡಿತ

ನಮ್ಮ ಚಿಕ್ಕಪ್ಪನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದು ಚಿಕ್ಕಪ್ಪನೇ ಹೇಳುತ್ತಾನೆ. ಬೇರೆಯವರು ಹೇಳಿದ್ದನ್ನು ನಾನು ಕೇಳಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದವನೇ, ಒಳಗೆ ಹಾಸಿಗೆ, ಒಲೆ ಎಲ್ಲ ಇರುವ ಹಳೆಯ ವ್ಯಾನೊಂದನ್ನು ಕೊಂಡು ತಂದ. ಹೆಂಡತಿಯ ಜೊತೆ ಊರೂರು ಸುತ್ತುವ ಆಸೆ. ಆದರೆ ಏರು ಬಂದರೆ ಸಾಕು, ಎಂಜಿನ್ ಕುದಿಯುತ್ತಿತ್ತು.

"ಗ್ಯಾರೇಜಿಗೆ ಕೊಡಿ" ಅಂದಳು ಚಿಕ್ಕಮ್ಮ.

"ಅವರಿಗೇನ್ ಗೊತ್ತು, ಮಣ್ಣಾಂಗಟ್ಟಿ."

ತಾನೇ ವ್ಯಾನಿನಡಿ ತೂರಿ ಮೈಯೆಲ್ಲ ಎಣ್ಣೆ ಮಾಡಿಕೊಂಡ. ಮೊದಲು ಥರ್ಮೋಸ್ಟಾಟ್ ಬದಲಿಸಿದ, ಆಮೇಲೆ ನೀರಿನ ಪಂಪು. ಎಂಜಿನ್ ತನ್ನ ಚಾಳಿ ಬಿಡಲಿಲ್ಲ. ಭಾರ ಹೆಚ್ಚಾಗಿದೆ ಎಂದು ತೀರ್ಪು ಕೊಟ್ಟು ಪಾತ್ರೆ ಪಡಗವನ್ನೆಲ್ಲ ಇಳಿಸಿದ. ಮುಂದಿನ ಪ್ರವಾಸದಲ್ಲಿ ಏರಿನ ಬುಡಕ್ಕೆ ಬಂದಾಗ ಗಾಡಿ ನಿಲ್ಲಿಸಿ ಹೆಂಡತಿಯನ್ನೇ ಅಳೆಯುವಂತೆ ನೋಡಿದ.

"ನೀನು ಇಳಿದು ನಡ್ಕೊಂಡು ಬಾ. ಮೇಲೆ ಕಾಯ್ತೀನಿ."

ಅವಳು ಇಳಿದಳು. ನಡೆದು ಹೋಗಿ ನೋಡಿದರೆ ವ್ಯಾನ್ ಅರ್ಧ ದಾರಿಯಲ್ಲೇ ಹಬೆಯಾಡುತ್ತ ನಿಂತಿತ್ತು. ಪಂಡಿತರು ಬಾನೆಟ್ ಎತ್ತಿ ಟವೆಲಿನಿಂದ ಗಾಳಿ ಬೀಸುತ್ತಿದ್ದರು. ಚಿಕ್ಕಮ್ಮ ಮುಂದಿನ ಜಾಲರಿಯೊಳಗೆ ಇಣುಕಿದಳು.

"ರೇಡಿಯೇಟರಿಗೆ ಅಡ್ಡವಾಗಿ ಈ ರಟ್ಟು ಯಾರು ಕಟ್ಟಿದ್ದು?"

"ನಾನೇ. ಧೂಳು ಹೋಗಬಾರದು ಅಂತ."

"ಮತ್ತೆ ಗಾಳಿ ಎಲ್ಲಿಂದ ಹೋಗ್ಬೇಕು?"

ಚಿಕ್ಕಪ್ಪ ಬಗ್ಗಿ ರಟ್ಟಿನ ಗಂಟು ಬಿಚ್ಚತೊಡಗಿದ. ಹಿಂದಿನಿಂದ ಬಂದ ಬಸ್ಸಿಗೆ ಕೈ ತೋರಿಸಿ ಅವಳು ಹತ್ತಿ ಮನೆಗೆ ಹೋದಳು. ಇವತ್ತಿಗೂ ಆ ವ್ಯಾನಿನೊಳಗೆ ಕಾಲಿಟ್ಟಿಲ್ಲ. ಅದೀಗ ಎಂಥ ಏರನ್ನೂ ಹತ್ತುತ್ತದೆ. ದೋಷ ಹಿಡಿದದ್ದು ತಾನೇ ಎಂದು ಚಿಕ್ಕಪ್ಪ ಸಿಕ್ಕಸಿಕ್ಕವರಿಗೆ ಕೊಚ್ಚಿಕೊಳ್ಳುತ್ತಾನೆ. ರಟ್ಟು ಕಟ್ಟಿದ್ದು ಯಾರೆಂಬ ಸುದ್ದಿ ಮಾತ್ರ ಎತ್ತುವುದಿಲ್ಲ.