ಇಂಡಿಯಾ ಕ್ಯಾಂಪಿಗೆ ಹೋಗಿದ್ದ ನಮ್ಮಕ್ಕ

ಇವತ್ತು ಅಕ್ಕನ ಜೊತೆ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕೂತಿದ್ದಾಗ ಶಾಲೆಯ ಹುಡುಗಿಯೊಬ್ಬಳು ಬ್ಯಾಸ್ಕೆಟ್‌ಬಾಲ್ ತಬ್ಬಿಕೊಂಡು ಹತ್ತಿ ನಮ್ಮ ಪಕ್ಕ ಕೂತಳು. ಬಿಸಿಲಿಗೆ ಕಾದ ರಬ್ಬರಿನ ಆ ವಾಸನೆ ನನ್ನನ್ನು ನಮ್ಮೂರು ಅರಕೆರೆಯ ಶಾಲೆಯ ಅಂಗಳಕ್ಕೆ ಎಳೆದೊಯ್ದಿತು.

ಅಲ್ಲಿದ್ದದ್ದು ಮಣ್ಣಿನ ಕೋರ್ಟು, ಬಲೆಯಿಲ್ಲದ ಕಬ್ಬಿಣದ ರಿಂಗು. ನನಗಿಂತ ತುಂಬ ದೊಡ್ಡವಳಾದ ಅಕ್ಕ ಚೆಂಡು ಎಸೆಯುತ್ತಿದ್ದಳು, ನಾನು ಓಡಿ ತಂದುಕೊಡುತ್ತಿದ್ದೆ. ಗದ್ದೆಯಿಂದ ಬಂದ ಅಪ್ಪ ಕಾಲಿನ ಕೆಸರೂ ತೊಳೆಯದೆ ಕಟ್ಟೆಯ ಮೇಲೆ ಕೂತು, ಬೀಡಿ ಹಚ್ಚುವುದನ್ನೇ ಮರೆತು ನೋಡುತ್ತಿದ್ದರು. ಅವ್ವ ಗೊಣಗುತ್ತಲೇ ಅಕ್ಕನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತಿದ್ದಳು.

ಅಕ್ಕ ಕ್ರೀಡಾ ಹಾಸ್ಟೆಲ್ ಸೇರಿದಳು, ರಾಜ್ಯ ತಂಡಕ್ಕೆ ಆಡಿದಳು. ಆಟದಿಂದಲೇ ಬ್ಯಾಂಕಿನಲ್ಲಿ ಕೆಲಸವೂ ಸಿಕ್ಕಿತು. ಕೊನೆಗೆ ದೇಶದ ತಂಡವನ್ನು ಆರಿಸುವ ಇಂಡಿಯಾ ಕ್ಯಾಂಪಿಗೆ ಆಯ್ಕೆಯಾದಳು. ಅಲ್ಲಿ ನೆಗೆದು ಇಳಿಯುವಾಗ ಮಂಡಿ ತಿರುಚಿಕೊಂಡಿತು. ಆಪರೇಷನ್ ಆದರೂ ಆ ಕಾಲು ಮೊದಲಿನಂತಾಗಲಿಲ್ಲ.

ಅಪ್ಪನ ಹೆಗಲು ಹಿಡಿದು ಅಕ್ಕ ಮನೆಗೆ ಬಂದಳು.

"ನಡೀಬೌದಲ್ಲ ಮಗ, ಅಷ್ಟು ಸಾಕು ಬುಡು," ಅಂದರು ಅಪ್ಪ.

"ನಡಿಯಕ್ಕೇನಪ್ಪ ನಾನು ಅಷ್ಟು ದೂರ ಹೋಗಿದ್ದು?" ಅಂದಳು ಅಕ್ಕ.

ಅಪ್ಪ ಮತ್ತೆಂದೂ ಆ ಶಾಲೆಯ ದಾರಿ ತುಳಿಯಲಿಲ್ಲ. ಗದ್ದೆಗೆ ಸುತ್ತು ಬಳಸಿ ಹೋಗುತ್ತಿದ್ದರು.

ಬಸ್ಸಿನ ಹುಡುಗಿ ಅಕ್ಕನ ಉದ್ದನೆಯ ಬೆರಳುಗಳನ್ನು ನೋಡಿ, "ಆಂಟಿ, ನೀವೂ ಆಡ್ತಿದ್ರಾ?" ಎಂದು ಕೇಳಿದಳು.

"ಇಲ್ಲ ಕಣವ್ವ," ಎಂದು ಅಕ್ಕ ಕಿಟಕಿಯತ್ತ ತಿರುಗಿದಳು.