ಸೈಕಲ್ಲಿನ ಹೊಟ್ಟೆಯಡಿಯ ನಂಬರು

ನಮ್ಮ ಅಪ್ಪಾಜಿ ಗಂಗಾಧರಪ್ಪನವರಿಗೆ ಹೆದರಿಕೊಳ್ಳಲು ಕಾರಣವೇ ಬೇಡ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುತ್ತಾರೆ. ಬೀಗ ಹಾಕಿ, ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ವಾಪಸ್ ಬಂದು ಮತ್ತೆ ಜಗ್ಗುತ್ತಾರೆ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವರು. ಒಂದು ಬೋಲ್ಟು ಸಡಿಲವಾದರೆ ಯಾರದೋ ಕೈ ಹೋಗುತ್ತದೆ ಎನ್ನುವುದು ಅವರ ಸಮಜಾಯಿಷಿ. ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಯಾರ ಕೈ ಹೋಗುತ್ತದೆ ಅಂತ ನಾನು ರೇಗುತ್ತೇನೆ. ಅವರು ಕೇಳಿಸದವರಂತೆ ಇನ್ನೊಮ್ಮೆ ಜಗ್ಗುತ್ತಾರೆ.

ಇಂಥ ಮನುಷ್ಯ ಕಳೆದ ಶ್ರಾವಣದಲ್ಲಿ ನನಗೊಂದು ಮಾತೂ ಹೇಳದೆ ವರ್ಕ್‌ಶಾಪುಗಳೇ ತುಂಬಿದ ಮಾಚೇನಹಳ್ಳಿಯ ಗುಜರಿ ಅಂಗಡಿಯಿಂದ ಹಳೇ ಸೈಕಲ್ಲೊಂದನ್ನು ಲಗೇಜ್ ಆಟೋದಲ್ಲಿ ತಂದು ಇಳಿಸಿದರು. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಸಪೂರ ರಿಮ್ಮು, ಮೈಯೆಲ್ಲ ತುಕ್ಕು. ಕಂಪನಿಯ ಬಿಲ್ಲೆ ಇದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿದ್ದವು. ಇದೇನು ಕರ್ಮ ಅಂತ ಬಾಯಿ ತೆರೆಯುವಷ್ಟರಲ್ಲಿ ಅಪ್ಪಾಜಿ ಹೇಳಿದರು: "ಇದು ಓಬಯ್ಯಂದು ಇರ್ಬೇಕು ಕಣೆ ತನೂ." ನಾನು ಸೈಕಲ್ಲಿನ ಇನ್ನೊಂದು ತುದಿ ಹಿಡಿದು ಒಳಗೆ ತರಲು ಕೈಕೊಟ್ಟೆ.

ಓಬಯ್ಯ ಮಾಮನದು ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರು. ಅವರೂ ಅಪ್ಪಾಜಿಯೂ ಒಂದೇ ಸೆಕ್ಷನ್ನಿನವರು, ಕಾಗದನಗರದಲ್ಲಿ ಒಂದೇ ಸಾಲಿನ ಕ್ವಾರ್ಟರ್ಸಿನವರು. ಮೆಷಿನ್ ಕೂರಿಸಲು ಬಂದಿದ್ದ ಫ್ರಾನ್ಸಿನ ಎಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ತನ್ನ ರೇಸ್ ಸೈಕಲ್ಲನ್ನು ಓಬಯ್ಯ ಮಾಮನಿಗೆ ಕೊಟ್ಟುಹೋಗಿದ್ದನಂತೆ. ಅಪ್ಪಾಜಿಗೆ ಅದರ ಮೇಲೆ ವಿಪರೀತ ಆಸೆ. ನನಗೆ ಮಾರೋ ಅಂತ ದಿನಾ ಪ್ರಾಣ ತಿನ್ನುತ್ತಿದ್ದರು, ಮಾಮ ನಕ್ಕು ತಪ್ಪಿಸಿಕೊಳ್ಳುತ್ತಿದ್ದರು. ಎಂಬತ್ನಾಲ್ಕರ ಆಯುಧಪೂಜೆ ಕಳೆದು ತಿಂಗಳಾಗಿರಬೇಕು, ಮಾಮ ಆ ಸೈಕಲ್ಲನ್ನು ಯಾರೋ ದಾರಿಹೋಕನಿಗೆ ಮಾರಿಬಿಟ್ಟರು. ಅವತ್ತಿನಿಂದ ಅಪ್ಪಾಜಿಯ ಹತ್ತಿರ ಮಾತೂ ಬಿಟ್ಟರು. ಯಾಕೆಂದು ಅವರು ಹೇಳಲಿಲ್ಲ, ಏನು ಉತ್ತರ ಬರುತ್ತದೋ ಎಂಬ ಹೆದರಿಕೆಗೆ ಇವರು ಕೇಳಲಿಲ್ಲ. ನಾಲ್ಕು ಮನೆಯಾಚೆ ಇದ್ದುಕೊಂಡು ವರ್ಷಗಟ್ಟಲೆ ಹೀಗೆ ಬದುಕಿದರಲ್ಲ, ಎಂಥ ಗಂಡಸರಪ್ಪ ಅಂತ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪಾಜಿಯ ಲೆಕ್ಕಾಚಾರ ಸರಳವಾಗಿತ್ತು. ಸೈಕಲ್ಲು ರಿಪೇರಿ ಮಾಡಿ ಈ ಸಲದ ಆಯುಧಪೂಜೆಗೆ ಓಬಯ್ಯನ ಬಾಗಿಲಲ್ಲಿ ನಿಲ್ಲಿಸಬೇಕು, ಆಗಲಾದರೂ ಆತ ಮಾತಾಡಬಹುದು. ಆದರೆ ಅದು ಅದೇ ಸೈಕಲ್ಲು ಅಂತ ಖಾತ್ರಿಯಾಗಬೇಕು. ಬೇರೆ ಯಾವುದನ್ನೋ ತಗೊಂಡುಹೋದರೆ ಅಣಕಿಸಲು ಬಂದ ಅಂದುಕೊಳ್ಳುತ್ತಾನೆ ಎಂಬ ಭಯ.

ಖಾತ್ರಿಗೆ ದಾರಿ ಒಂದೇ. ಕಾರ್ಖಾನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಎಲ್ಲರೂ ತಮ್ಮ ಸ್ಪ್ಯಾನರು, ಊಟದ ಡಬ್ಬಿ, ಸೈಕಲ್ಲುಗಳನ್ನು ಅಪ್ಪಾಜಿಯ ಮುಂದೆ ತಂದು ಗುಡ್ಡೆ ಹಾಕುತ್ತಿದ್ದರು. ಲೋಹದ ಮೇಲೆ ಅಂಕೆ ಒತ್ತುವ ನಂಬರ್ ಪಂಚುಗಳು ಇದ್ದದ್ದು ಇವರ ಹತ್ತಿರ. ಅವರವರ ಹಾಜರಿಯ ಟೋಕನ್ ನಂಬರನ್ನು ಸುತ್ತಿಗೆಯಿಂದ ಹೊಡೆದು, ಸೈಕಲ್ಲಾದರೆ ಅದರ ಮೇಲೆ ಕಾರ್ಖಾನೆಯ ಪೈಪುಗಳಿಗೆ ಬಳಿಯುವ ಸಿಲ್ವರ್ ಪೇಂಟ್ ಬಳಿದು ಪೂಜೆಗೆ ಇಡುವುದು ವಾಡಿಕೆ. ಮಾಮನ ಟೋಕನ್ನು 1140. ಪೆಡಲಿನ ಅಚ್ಚು ಕೂರುವ ಗುಂಡು ಕೊಳವೆಯ ತಳದಲ್ಲಿ ಆ ನಂಬರು ಇರಬೇಕು.

ಎರಡು ತಿಂಗಳು ನಮ್ಮ ಮೆಟ್ಟಿಲ ಕೆಳಗಿನ ಜಾಗದಲ್ಲಿ ಸೀಮೆಎಣ್ಣೆಯ ವಾಸನೆ. ಸೀಟಿನ ಕಂಬಿ ಫ್ರೇಮಿನೊಳಗೇ ಕಚ್ಚಿಕೊಂಡಿತ್ತು. ಒಂದು ವಾರ ಎಣ್ಣೆ ಬಿಟ್ಟರು, ಬಿಸಿನೀರು ಸುರಿದರು. ಜೋರಾಗಿ ತಿರುಗಿಸಿದರೆ ಫ್ರೇಮು ಸೀಳುತ್ತದೇನೋ ಅಂತ ಕೈ ಹಾಕುವುದು, ತೆಗೆಯುವುದು. ಬಿ.ಪಿ. ಮಾತ್ರೆ ಮರೆತದ್ದಕ್ಕೆ ನಾನು ಕೂಗಾಡಿದ ದಿನವೇ ಕಂಬಿ ಕಿರ್ರೆಂದು ಹೊರಬಂತು.

ಆಮೇಲೆ ಪೆಡಲಿನ ಅಚ್ಚನ್ನು ಬಲಗಡೆಯಿಂದ ಹಿಡಿದಿಡುವ ‘ಕಪ್’ ಎಂಬ ಬಳೆಯನ್ನು ಬಿಚ್ಚಿದರು. ನಮ್ಮ ಕಡೆಯ ಸೈಕಲ್ಲುಗಳಲ್ಲಿ ಆ ಒಂದು ಕಪ್‌ನ ಮರೆ, ಅಂದರೆ ತಿರುಪು, ಉಲ್ಟಾ ಇರುತ್ತದಂತೆ. ಇದರದ್ದು ಉಲ್ಟಾ ಇರಲಿಲ್ಲ. ಓಬಯ್ಯನ ಸೈಕಲ್ಲಿನಲ್ಲೂ ಹೀಗೇ ಇತ್ತು, ಅದು ಫ್ರಾನ್ಸಿನವರ ಪದ್ಧತಿ, ಗೊತ್ತಿಲ್ಲದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದ್ದೆ ಅಂತ ಅಪ್ಪಾಜಿ ನೆನಪಿಸಿಕೊಂಡರು. ಹೆದರಿಕೆ ಕಡಿಮೆಯಾಗಲಿಲ್ಲ. ಫ್ರಾನ್ಸಿನ ಸೈಕಲ್ಲು ಲೋಕದಲ್ಲಿ ಇದೊಂದೇನಾ ಅಂದರು.

ನವರಾತ್ರಿಯ ಮೊದಲ ಭಾನುವಾರ ಬಣ್ಣ ಬಿಡಿಸಿದರು. ಮೇಲಿನ ನೀಲಿ ಹೋಯಿತು, ಅದರಡಿಯ ಕಪ್ಪು ಹೋಯಿತು, ಕೆಳಗೆ ಸಿಲ್ವರ್ ಕಂಡಿತು. ನಮ್ಮ ಫ್ಯಾಕ್ಟರಿದೇ ಅಂತ ಪಿಸುಗುಟ್ಟಿ, ಫ್ರೇಮನ್ನು ತಲೆಕೆಳಗಾಗಿಸಿ, ತಳವನ್ನು ಉಜ್ಜತೊಡಗಿದರು. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ. ಅಪ್ಪಾಜಿಗಿಂತ ನಾನೇ ಹೆಚ್ಚು ಬಗ್ಗಿ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅಂಕೆಗಳು ಒಂದೊಂದಾಗಿ ಮೂಡಿದವು. 2063.

ಅಪ್ಪಾಜಿ ಎಮರಿ ಕಾಗದ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತರು. ಬೇರೆ ಯಾರದೋ ಸೈಕಲ್ಲು, ಹೋಗಲಿ ಬಿಡಿ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಅದು ನನ್ನ ಟೋಕನ್ನು."

ಆಮೇಲೆ ಒಂದೊಂದೇ ಬಿಡಿಸಿ ಹೇಳಿದರು. ಅವತ್ತು ಬೆಳಗಿನಿಂದ ತಮ್ಮ ನಲವತ್ತು ಸ್ಪ್ಯಾನರುಗಳಿಗೆ ನಂಬರು ಹೊಡೆಯುತ್ತಿದ್ದರು. ಓಬಯ್ಯ ಸೈಕಲ್ಲು ತಂದು ನಿಲ್ಲಿಸಿಹೋದಾಗಲೂ ಕೈ ಅದೇ ನಾಲ್ಕು ಪಂಚುಗಳನ್ನು ಎತ್ತಿಕೊಂಡಿರಬೇಕು. ಮೇಲೆ ಪೇಂಟ್ ಬಿದ್ದದ್ದರಿಂದ ಇಬ್ಬರಿಗೂ ಕಾಣಲಿಲ್ಲ. ಮುಂದೆ ಯಾವಾಗಲೋ ಪೇಂಟ್ ಎದ್ದಾಗ ಓಬಯ್ಯ ನೋಡಿದ್ದಾನೆ. ದಿನಾ ಸೈಕಲ್ಲು ಕೇಳುತ್ತಿದ್ದವನ ನಂಬರು ಅಲ್ಲಿ ಕಂಡರೆ ಯಾರಾದರೂ ಏನು ಅಂದುಕೊಳ್ಳುತ್ತಾರೆ? ಎಲ್ಲವನ್ನೂ ಮೂರು ಸಲ ನೋಡುವ ಮನುಷ್ಯ ಅದೊಂದನ್ನು ಒಂದು ಸಲವೂ ನೋಡಿರಲಿಲ್ಲ.

ನನಗೆ ಸಂಕಟವಾಯಿತು. ಮಾಚೇನಹಳ್ಳಿಯಲ್ಲಿ ಯಾರಾದರೂ ಐದು ನಿಮಿಷದಲ್ಲಿ ಗ್ರೈಂಡರ್ ಹಿಡಿದು ಅಳಿಸಿಕೊಡುತ್ತಾರೆ, ಮೇಲೆ ಬಣ್ಣ ಹೊಡೆದು ಒಯ್ಯೋಣ ಅಂದೆ. ಅಪ್ಪಾಜಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಉತ್ತರ ಕೊಟ್ಟರು.

"ಅಳಿಸಿದ್ರೆ ಇದು ಅವನ ಸೈಕಲ್ಲು ಅನ್ನೋಕೆ ಇನ್ನೇನು ಉಳಿಯುತ್ತೆ, ಮಾರಾಯ್ತಿ? ನನ್ನನ್ನ ಕಳ್ಳ ಅನ್ನೋ ನಂಬರೇ ಅವನಿಗಿರೋ ಗುರುತು."

ಸೈಕಲ್ಲಿಗೆ ಹೊಸ ಬಣ್ಣ ಬಂತು, ಆ ತಳವೊಂದನ್ನು ಬಿಟ್ಟು. ಆಯುಧಪೂಜೆಯ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಹೊರಟೆವು. ಮಾಚೇನಹಳ್ಳಿಯ ವರ್ಕ್‌ಶಾಪುಗಳ ಮುಂದೆ ಒಡೆದ ಬೂದುಗುಂಬಳಕಾಯಿಗಳು ಬಿದ್ದಿದ್ದವು. ಮನೆಗೆ ಬೀಗ ಹಾಕಿದೆಯಾ ಅಂತ ಅಪ್ಪಾಜಿ ಕೇಳಲೇ ಇಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಓಬಯ್ಯ ಮಾಮ ಈಗ ಕಾಗದನಗರದ ಹತ್ತಿರ ಸಣ್ಣ ಮನೆ ಕಟ್ಟಿಕೊಂಡಿದ್ದಾರೆ. ಬಾಗಿಲಿಗೆ ಬಂದವರು ಅಪ್ಪಾಜಿಯ ಮುಖ ನೋಡಲಿಲ್ಲ. ಹೊಳೆಯುವ ಹ್ಯಾಂಡಲ್ಲನ್ನೂ ನೋಡಲಿಲ್ಲ. ನೇರವಾಗಿ ಸೈಕಲ್ಲನ್ನು ಎತ್ತಿ ತಲೆಕೆಳಗೆ ಮಾಡಿ ತಳ ನೋಡಿದರು.

"ಇದನ್ನ ತೋರ್ಸೋಕೆ ಬಂದ್ಯಾ?"

"ಕೈತಪ್ಪಿ ಹೊಡ್ದೆ ಕಣೋ. ಮೊನ್ನೆವರೆಗೂ ಗೊತ್ತಿರ್ಲಿಲ್ಲ, ಆಣೆಗೂ," ಅಂದರು ಅಪ್ಪಾಜಿ.

ಮಾಮ ನಂಬಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು. ನನಗೂ ಸಿಟ್ಟು ಬಂತು, ಅಪ್ಪಾಜಿಯ ಕೈ ಹಿಡಿದು ನಡೀರಿ ಹೋಗೋಣ ಅಂದೆ. ಅವರು ಕದಲಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, ಅವತ್ತು ನಂಬರು ಹೊಡೆಸಲು ತಂದಾಗ ಸೈಕಲ್ಲಿನ ಹ್ಯಾಂಡಲ್ಲಿಗೆ ಊಟದ ಡಬ್ಬೀನೂ ನೇತುಹಾಕಿ ಹೋಗಿದ್ದೆಯಲ್ಲ, ಅದೆಲ್ಲಿ?

ಮಾಮನ ಹೆಂಡತಿ ದಾಕ್ಷಾಯಣಮ್ಮ ಒಳಗೆ ಹೋಗಿ ಸ್ಟೀಲಿನ ಡಬ್ಬಿಯೊಂದನ್ನು ತಂದರು. ಆ ಬೆಳಿಗ್ಗೆ ಮಾಡಿದ ಚಿತ್ರಾನ್ನ ಅದರಲ್ಲೇ ಇತ್ತು. ತಟ್ಟೆಗೆ ಸುರಿದು, ಡಬ್ಬಿಯನ್ನು ಬೋರಲು ಹಾಕಿ ಸೆರಗಿನಿಂದ ಒರೆಸಿದರು. ತಳದಲ್ಲಿ ಸವೆದಿದ್ದರೂ ಓದಲು ಬರುತ್ತಿತ್ತು. 2063.

"ದಿನಾ ತೊಳೀತೀನಿ. ಇವರ ನಂಬರೇ ಅನ್ಕೊಂಡಿದ್ದೆ," ಅಂದರು.

ಸೈಕಲ್ಲನ್ನು ಆಸೆಪಟ್ಟು ಲಪಟಾಯಿಸುವವನು ಮೂರು ಕಾಸಿನ ಡಬ್ಬಿಗೆ ಯಾಕೆ ನಂಬರು ಹೊಡೆಯುತ್ತಾನೆ? ಯಾರೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಓಬಯ್ಯ ಮಾಮ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಜಗಲಿಯ ಮೇಲೆ ಕುಳಿತರು. ಹೆಬ್ಬೆರಳಿನಿಂದ ನಾಲ್ಕೂ ಅಂಕೆ ಸವರಿದರು.

"ನಲವತ್ತು ವರ್ಷ ಇದ್ರಲ್ಲೇ ಉಂಡಿದೀನಲ್ಲೋ, ಗಂಗಾ," ಅಂದರು.

ಅಪ್ಪಾಜಿ ಹೋಗಿ ಅವರ ಪಕ್ಕದಲ್ಲಿ ಕುಳಿತರು.